ಕುದುರೆಗೆ ಕನಿಕರ ತಿಳಿಯದು

ಕುದುರೆ ಎಂದೊಡನೆ ನಮ್ಮ ನಾಡಿನ ಜನರ ಕಣ್ಣಮುಂದೆ ಬಂದು ನಿಲ್ಲುವ ಚಿತ್ರಗಳು ಕೆಲವೇ. ಇತಿಹಾಸದ ಪಾಠಗಳಲ್ಲಿ ಓದಿದ ಅಶ್ವಸೈನ್ಯ, ಬೆಂಗಳೂರು ಮೈಸೂರುಗಳ ರೇಸ್ ಮೈದಾನ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್, ಹಬ್ಬದ ಮೆರವಣಿಗೆ, ಇಲ್ಲವೇ ಪ್ರವಾಸಿಗಳ ಊರಿನಲ್ಲಿ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಸುತ್ತು ಹಾಕುವ ಬಡಕಲು ಪ್ರಾಣಿ. ಯಾವ ಚಿತ್ರವನ್ನು ನೆನೆದರೂ ಕುದುರೆಯ ಮೇಲೆ ಕುಳಿತವನು ಗಟ್ಟಿಮುಟ್ಟಾದವನು. ಕಾಲಿನಲ್ಲಿ ಬಲವಿಲ್ಲದವನು, ಕತ್ತು ನಿಲ್ಲದ ಮಗು, ಮಾತು ಬಾರದ ಹುಡುಗಿ ಆ ಚಿತ್ರದೊಳಗೆ ಬರುವುದೇ ಇಲ್ಲ.

ಆದರೆ ಕಳೆದ ಎಪ್ಪತ್ತು ವರ್ಷಗಳಿಂದ ಜಗತ್ತಿನ ಹಲವು ದೇಶಗಳಲ್ಲಿ ಇಂಥವರೇ ಕುದುರೆ ಏರುತ್ತಿದ್ದಾರೆ. ವಿನೋದಕ್ಕಾಗಿ ಮಾತ್ರವಲ್ಲ, ಚಿಕಿತ್ಸೆಗಾಗಿ, ಕಲಿಕೆಗಾಗಿ, ಕೊನೆಗೆ ಸ್ಪರ್ಧೆಗಾಗಿಯೂ ಏರುತ್ತಿದ್ದಾರೆ. ಈ ವಾರ ನಾವು ಆ ವಿಚಾರವನ್ನು ಓದುಗರ ಮುಂದಿಡಬಯಸುತ್ತೇವೆ. ನಮ್ಮ ಕುಟುಂಬಗಳಲ್ಲಿ ಬಹುಪಾಲು ಜನರಿಗೆ ಕುದುರೆ ದೂರದ ಮಾತು ಎಂಬುದನ್ನು ನಾವು ಬಲ್ಲೆವು. ಆದರೂ ಅಂಗವಿಕಲ ಮಗುವೊಂದು ಇರುವ ಮನೆಗೆ ಈ ಪ್ರಾಣಿ ಕಲಿಸಬಹುದಾದ ಪಾಠವೊಂದಿದೆ. ಅದಕ್ಕಾಗಿ ಈ ಬರಹ.

ಲಿಸ್ ಹಾರ್ಟೆಲ್

ಈ ಕಥೆಯನ್ನು ಡೆನ್ಮಾರ್ಕಿನಿಂದ ಆರಂಭಿಸಬೇಕು. ಲಿಸ್ ಹಾರ್ಟೆಲ್ 1921ರಲ್ಲಿ ಹುಟ್ಟಿದವರು. ಎಳೆವಯಸ್ಸಿನಿಂದಲೂ ಕುದುರೆ ಸವಾರಿಯಲ್ಲಿ ಪಳಗಿದವರು. 1944ರ ಸೆಪ್ಟೆಂಬರಿನಲ್ಲಿ, 23ರ ಹರೆಯದಲ್ಲಿ, ಎರಡನೆಯ ಮಗುವಿಗೆ ಗರ್ಭಿಣಿಯಾಗಿದ್ದಾಗ ಆಕೆಗೆ ಪೋಲಿಯೊ ತಗಲಿತು. ತಲೆನೋವು, ಬಿಗಿದ ಕತ್ತು, ಆಮೇಲೆ ಇಡೀ ದೇಹವನ್ನು ಹಂತಹಂತವಾಗಿ ಆವರಿಸಿದ ನಿಶ್ಚಲತೆ. ಮಗು ಆರೋಗ್ಯವಾಗಿ ಹುಟ್ಟಿತು. ತಾಯಿ ಮಾತ್ರ ಕೈಯೆತ್ತುವುದನ್ನು, ಅಂಬೆಗಾಲಿಡುವುದನ್ನು, ಊರುಗೋಲು ಹಿಡಿದು ನಿಲ್ಲುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ.

ಕುದುರೆ ಸವಾರಿ ಬಲ್ಲವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ. ಸವಾರನು ಕುದುರೆಯೊಡನೆ ಮಾತನಾಡುವುದು ಹೆಚ್ಚಾಗಿ ಕಾಲಿನಿಂದ. ಮುಂದೆ ಹೋಗು, ಪಕ್ಕಕ್ಕೆ ಸರಿ, ಹೆಜ್ಜೆ ಬದಲಿಸು ಎಂಬ ಆಜ್ಞೆಗಳೆಲ್ಲ ಪಕ್ಕೆಗೆ ತಾಗುವ ಕಾಲಿನ ಒತ್ತಡದಲ್ಲಿ ಅಡಗಿವೆ. ಆ ಭಾಷೆಯೇ ಹಾರ್ಟೆಲ್‌ಗೆ ಇಲ್ಲವಾಗಿತ್ತು. ಆಕೆ ಜುಬಿಲಿ ಎಂಬ ಹೆಣ್ಣುಕುದುರೆಯೊಡನೆ ಬೇರೊಂದು ಭಾಷೆಯನ್ನು ಕಟ್ಟಿಕೊಂಡರು. ಬೆನ್ನನ್ನು ತುಸು ನೆಟ್ಟಗೆ ಮಾಡುವುದು, ದೇಹದ ಭಾರವನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ವಾಲಿಸುವುದು, ತೊಡೆಯ ಸ್ನಾಯುಗಳನ್ನು ಬಿಗಿಯುವುದು, ಇಷ್ಟರಿಂದಲೇ ಆ ಕುದುರೆ ಅವರ ಮನಸ್ಸನ್ನು ಅರಿಯತೊಡಗಿತು. ಕಾಯಿಲೆ ಬಿದ್ದ ಮೂರನೆಯ ವರ್ಷ, 1947ರಲ್ಲಿ, ಅವರು ಸ್ಕ್ಯಾಂಡಿನೇವಿಯಾದ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನ ಗಳಿಸಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಇನ್ನೊಂದು ಬಾಗಿಲನ್ನು ತೆರೆಯಿತು. ಡ್ರೆಸಾಜ್ ಎಂದರೆ ಕುದುರೆಯನ್ನು ನಿಗದಿತ ಹೆಜ್ಜೆಗಳಲ್ಲಿ, ಸವಾರನ ಆಜ್ಞೆ ನೋಡುವವರಿಗೆ ಕಾಣದ ಹಾಗೆ, ನಯವಾಗಿ ನಡೆಸುವ ಸ್ಪರ್ಧೆ. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಇದು ಸೇನಾಧಿಕಾರಿಗಳಿಗೆ ಮೀಸಲಾಗಿತ್ತು. 1948ರಲ್ಲಿ ಚಿನ್ನ ಗೆದ್ದಿದ್ದ ಸ್ವೀಡನ್ ತಂಡದ ಸವಾರನೊಬ್ಬ ಅಧಿಕಾರಿ ದರ್ಜೆಯವನಲ್ಲ ಎಂಬ ಒಂದೇ ಕಾರಣಕ್ಕೆ ಆ ಪದಕವನ್ನು ಹಿಂದಕ್ಕೆ ಪಡೆಯಲಾಗಿತ್ತು. 1952ರಲ್ಲಿ ನಿಯಮ ಸಡಿಲವಾಗಿ, ಸಾಮಾನ್ಯ ಪ್ರಜೆಗಳಿಗೂ ಮಹಿಳೆಯರಿಗೂ ಪ್ರವೇಶ ದೊರೆಯಿತು. ನಾಲ್ವರು ಮಹಿಳೆಯರು ಡ್ರೆಸಾಜ್ ಸ್ಪರ್ಧೆಗೆ ಇಳಿದರು, ಅವರಲ್ಲೊಬ್ಬರು ಹಾರ್ಟೆಲ್. ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ 561 ಅಂಕಗಳೊಂದಿಗೆ ಮೊದಲಿಗರಾದರು. 541.5 ಅಂಕ ಪಡೆದ ಹಾರ್ಟೆಲ್, ಫ್ರಾನ್ಸಿನ ಆಂದ್ರೆ ಜೂಸೋಮ್ ಅವರನ್ನು ಕೇವಲ ಅರ್ಧ ಅಂಕದಿಂದ ಹಿಂದಿಕ್ಕಿ ಬೆಳ್ಳಿ ಗೆದ್ದರು. ಕುದುರೆ ಏರಲೂ ಇಳಿಯಲೂ ಬೇರೆಯವರ ನೆರವು ಬೇಕಾಗಿದ್ದ ಈ ಮಹಿಳೆಯನ್ನು ಚಿನ್ನ ಗೆದ್ದ ಸೇಂಟ್ ಸಿರ್ ಅವರೇ ಆಸರೆಯಾಗಿ ಪದಕದ ವೇದಿಕೆಗೆ ಏರಿಸಿದರು. ನಾಲ್ಕು ವರ್ಷಗಳ ಬಳಿಕ, 1956ರಲ್ಲಿ, ಸ್ಟಾಕ್‌ಹೋಮಿನಲ್ಲಿ ನಡೆದ ಒಲಿಂಪಿಕ್ ಕುದುರೆ ಸ್ಪರ್ಧೆಯಲ್ಲೂ ಅವರು ಬೆಳ್ಳಿಯನ್ನೇ ಗೆದ್ದರು. 2009ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೆಲ್ಸಿಂಕಿಯ ತೀರ್ಪುಗಾರರು ಆಕೆಗೆ ಕನಿಕರದಿಂದ ಒಂದು ಅಂಕವನ್ನೂ ಕೊಡಲಿಲ್ಲ. ಅಂಗವಿಕಲರಿಗೆಂದು ಪ್ರತ್ಯೇಕ ಸ್ಪರ್ಧೆಯೂ ಅಲ್ಲಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜುಬಿಲಿಗೆ ತನ್ನ ಮೇಲೆ ಕುಳಿತವಳು ಅಂಗವಿಕಲೆ ಎಂಬ ಅರಿವೇ ಇರಲಿಲ್ಲ.

ಒಬ್ಬಳಿಂದ ಹಲವರಿಗೆ

ಕುದುರೆ ಸವಾರಿ ದೇಹಕ್ಕೆ ಹಿತವೆಂಬ ತಿಳಿವಳಿಕೆ ಹಳೆಯದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಹೆಸರಾಂತ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ತನ್ನ ರೋಗಿಗಳಿಗೆ ಸವಾರಿಯನ್ನು ಔಷಧದಂತೆ ಹೇಳಿಕೊಡುತ್ತಿದ್ದನು. ಆದರೆ ಅಂಗವಿಕಲರಿಗಾಗಿ ಅದನ್ನು ಕ್ರಮಬದ್ಧವಾಗಿ ಬಳಸುವ ಪದ್ಧತಿ ಬೆಳೆದದ್ದು ಹಾರ್ಟೆಲ್ ಅವರ ಪದಕದ ಬಳಿಕ. ನಾರ್ವೆಯ ಫಿಸಿಯೋಥೆರಪಿ ತಜ್ಞೆ ಎಲ್ಸೆಬೆಟ್ ಬೊಡ್ಕರ್ 1950ರ ದಶಕದಲ್ಲಿ ಪೋಲಿಯೊ ತಗಲಿದ ಮಕ್ಕಳನ್ನು ಸಣ್ಣ ತಳಿಯ ಕುದುರೆಗಳ ಮೇಲೆ ಕೂರಿಸಿ ಅಭ್ಯಾಸ ಮಾಡಿಸತೊಡಗಿದರು. 1969ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರ ಸವಾರಿ ಸಂಘ ರೂಪುಗೊಂಡಿತು; 1971ರಲ್ಲಿ ರಾಜಕುಮಾರಿ ಆ್ಯನ್ ಅದರ ಪೋಷಕಿಯಾದರು. ಅದೇ 1969ರಲ್ಲಿ ಉತ್ತರ ಅಮೆರಿಕದಲ್ಲೂ ಇಂಥದ್ದೇ ಸಂಸ್ಥೆ ಹುಟ್ಟಿತು. 2011ರಿಂದ ಅದು ಪಾಥ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿ ತರಬೇತುದಾರರಿಗೂ ಕೇಂದ್ರಗಳಿಗೂ ಮಾನ್ಯತೆ ನೀಡುತ್ತಿದೆ. ಬ್ರಿಟನ್ನಿನ ಸಂಘಕ್ಕೆ ಇಂದು ನಾಲ್ಕು ನೂರಕ್ಕೂ ಹೆಚ್ಚು ಸ್ಥಳೀಯ ಶಾಖೆಗಳಿವೆ. ಅವು ನಡೆಯುವುದು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರಿಂದ.

ಈ ಕ್ಷೇತ್ರದಲ್ಲಿ ಎರಡು ಬಗೆಗಳಿವೆ. ಅವನ್ನು ಒಂದರೊಡನೊಂದು ಬೆರೆಸಬಾರದು. ಮೊದಲನೆಯದು ಹಿಪ್ಪೋಥೆರಪಿ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ. ಇದು ಚಿಕಿತ್ಸೆ, ನಡೆಸುವವರು ಫಿಸಿಯೋಥೆರಪಿ ಅಥವಾ ಮಾತಿನ ತರಬೇತಿಯಂಥ ಶಾಸ್ತ್ರವನ್ನು ಓದಿದ ತಜ್ಞರು. ಇಲ್ಲಿ ರೋಗಿ ಸವಾರಿ ಕಲಿಯಬೇಕಾಗಿಲ್ಲ. ಕುದುರೆಯ ಚಲನೆಯನ್ನು ತಜ್ಞರು ಔಷಧದ ಪ್ರಮಾಣದಂತೆ ಹೆಚ್ಚಿಸಿ ತಗ್ಗಿಸಿ ಬಳಸುತ್ತಾರೆ. ಎರಡನೆಯದು ಚಿಕಿತ್ಸಕ ಸವಾರಿ. ಇಲ್ಲಿ ಅಂಗವಿಕಲ ವ್ಯಕ್ತಿ ವಿದ್ಯಾರ್ಥಿ. ತನ್ನ ಶಕ್ತಿಗೆ ತಕ್ಕಂತೆ ಲಗಾಮು ಹಿಡಿಯುವುದನ್ನು, ಕುದುರೆಯನ್ನು ನಡೆಸುವುದನ್ನು, ಅದರ ಮೈ ಉಜ್ಜುವುದನ್ನು ಕಲಿಯುತ್ತಾನೆ. ಕಲಿಸುವವರು ಸವಾರಿ ಶಿಕ್ಷಕರು.

ನಡಿಗೆಯ ರಹಸ್ಯ

ಎಷ್ಟೋ ಪ್ರಾಣಿಗಳಿರುವಾಗ ಕುದುರೆಯೇ ಏಕೆ ಎಂದು ಓದುಗರು ಕೇಳಬಹುದು. ಉತ್ತರ ಅದರ ನಡಿಗೆಯಲ್ಲಿದೆ. ಕುದುರೆ ನಿಧಾನವಾಗಿ ಹೆಜ್ಜೆ ಹಾಕುವಾಗ ಅದರ ಬೆನ್ನು ಮೂರು ದಿಕ್ಕುಗಳಲ್ಲಿ ಚಲಿಸುತ್ತದೆ: ಮುಂದೆ ಹಿಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ. ಬೆನ್ನ ಮೇಲೆ ಕುಳಿತವನ ಸೊಂಟವೂ ಆ ಚಲನೆಯೊಂದಿಗೆ ತೂಗುತ್ತದೆ, ತಿರುಗುತ್ತದೆ. ಮನುಷ್ಯನು ಎರಡು ಕಾಲುಗಳಲ್ಲಿ ನಡೆಯುವಾಗ ಅವನ ಸೊಂಟ ಹೇಗೆ ಚಲಿಸುತ್ತದೆಯೋ ಇದೂ ಬಹುತೇಕ ಹಾಗೆಯೇ. ನಿಮಿಷಕ್ಕೆ ಸುಮಾರು ನೂರು ಹೆಜ್ಜೆಗಳಂತೆ, ಇಪ್ಪತ್ತು ನಿಮಿಷಗಳ ಸವಾರಿಯಲ್ಲಿ ಎರಡು ಸಾವಿರ ಬಾರಿ ಆ ದೇಹ ನಡಿಗೆಯ ಲಯವನ್ನು ಅನುಭವಿಸುತ್ತದೆ. ಹುಟ್ಟಿದಂದಿನಿಂದ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಸೊಂಟಕ್ಕೆ, ಬೆನ್ನಿಗೆ, ಮಿದುಳಿಗೆ ನಡೆಯುವುದೆಂದರೇನು ಎಂಬುದನ್ನು ಕುದುರೆ ತನ್ನ ಕಾಲುಗಳಿಂದ ತಿಳಿಸಿಕೊಡುತ್ತದೆ.

ಪ್ರತಿ ಹೆಜ್ಜೆಗೂ ಕುಳಿತವನ ಸಮತೋಲ ತುಸುವೇ ಕದಲುತ್ತದೆ. ಬೀಳದಿರಲು ದೇಹ ಅದನ್ನು ತಾನಾಗಿಯೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಬೆನ್ನು, ಹೊಟ್ಟೆ, ಕತ್ತಿನ ಸ್ನಾಯುಗಳು ಬೇಡವೆಂದರೂ ದುಡಿಯುತ್ತವೆ. ಚಿಕಿತ್ಸಕರು ಕುದುರೆಯನ್ನು ವೃತ್ತಾಕಾರದಲ್ಲಿ ನಡೆಸುತ್ತಾರೆ, ಥಟ್ಟನೆ ನಿಲ್ಲಿಸುತ್ತಾರೆ, ಹೆಜ್ಜೆಯನ್ನು ಉದ್ದ ಮಾಡಿಸುತ್ತಾರೆ, ಕೆಲವೊಮ್ಮೆ ಮಗುವನ್ನು ಪಕ್ಕಕ್ಕೋ ಹಿಂದಕ್ಕೋ ಮುಖ ಮಾಡಿ ಕೂರಿಸುತ್ತಾರೆ. ಒಂದೊಂದು ಬದಲಾವಣೆಯೂ ಬೇರೆ ಬೇರೆ ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ತುಸು ಹೆಚ್ಚು. ಜೀನಿಲ್ಲದೆ ಮೆತ್ತನೆಯ ಹಾಸಿನ ಮೇಲೆ ಕೂರಿಸಿದಾಗ ಆ ಬಿಸುಪು ಬಿಗಿದ ತೊಡೆಗಳಿಗೆ ತಾಗುತ್ತದೆ.

ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದನ್ನು ಇಲ್ಲಿ ನೆನೆಯಬಹುದು. ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಸ್ನಾಯುಗಳು ಹಿಡಿತಕ್ಕೆ ಸಿಗದ ತೊಂದರೆಯುಳ್ಳ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ನಡೆಯುವ ಕುದುರೆಯ ಮೇಲೂ, ಉಳಿದವರನ್ನು ಅಷ್ಟೇ ಹೊತ್ತು ಅಲುಗದ ಪೀಪಾಯಿಯ ಮೇಲೂ ಕಾಲು ಚಾಚಿಸಿ ಕೂರಿಸಿದರು. ಕುದುರೆಯ ಮೇಲೆ ಕುಳಿತವರಲ್ಲಿ ಬೆನ್ನಿನ ಎರಡು ಬದಿಯ ಸ್ನಾಯುಗಳ ಕೆಲಸ ಹೆಚ್ಚು ಸಮನಾಯಿತು. ಪೀಪಾಯಿಯ ಮೇಲಿದ್ದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕೂರುವ ಭಂಗಿ ಎರಡರಲ್ಲೂ ಒಂದೇ. ವ್ಯತ್ಯಾಸ ತಂದದ್ದು ಕುದುರೆಯ ಚಲನೆ.

ಕುದುರೆ ಓದುವ ಭಾಷೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯೊಂದು ಜಗತ್ಪ್ರಸಿದ್ಧವಾಗಿತ್ತು. ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲವನ್ನು ಅಷ್ಟು ಬಾರಿ ತಟ್ಟಿ ಉತ್ತರ ಹೇಳುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಇದನ್ನು ಪರೀಕ್ಷಿಸಿ 1907ರಲ್ಲಿ ನಿಜಾಂಶವನ್ನು ಪ್ರಕಟಿಸಿದನು. ಕುದುರೆಗೆ ಗಣಿತ ಬರುತ್ತಿರಲಿಲ್ಲ. ಸರಿಯುತ್ತರದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಎಳ್ಳಷ್ಟು ಮೇಲೇಳುತ್ತಿತ್ತು. ಅದನ್ನು ಕಂಡು ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಅನೇಕರು ಇದನ್ನು ಕುದುರೆಯ ಸೋಲೆಂದು ಬಗೆದರು. ನಮಗಾದರೋ ಇದು ಗಣಿತಕ್ಕಿಂತ ದೊಡ್ಡ ಬೆರಗು. ಸುತ್ತ ನಿಂತ ವಿದ್ವಾಂಸರ ಕಣ್ಣಿಗೂ ಬೀಳದ ಚಲನೆಯನ್ನು ಆ ಪ್ರಾಣಿ ಓದುತ್ತಿತ್ತು.

ಹಾರ್ಟೆಲ್ ಅವರ ಬೆನ್ನಿನ ಭಾಷೆ ಜುಬಿಲಿಗೆ ತಿಳಿದದ್ದು ಇದೇ ಗುಣದಿಂದ. ಕೈಬೆರಳುಗಳಲ್ಲಿ ಹಿಡಿತವಿಲ್ಲದ ಮಗು ಲಗಾಮನ್ನು ಒಂದಿಷ್ಟು ಎಳೆದರೆ ಸಾಕು, ಪಳಗಿದ ಕುದುರೆ ತಿರುಗುತ್ತದೆ. ಮಾತು ತೊದಲುವ ಹುಡುಗ ಬಹಳ ಕಷ್ಟದಿಂದ 'ನಡೆ' ಎಂದರೆ ನಾನೂರು ಐನೂರು ಕಿಲೋ ತೂಕದ ಪ್ರಾಣಿಯೊಂದು ಅವನ ಮಾತಿಗೆ ಹೆಜ್ಜೆಯಿಡುತ್ತದೆ. ಅವನ ಮಾತಿಗೆ ಜಗತ್ತಿನಲ್ಲಿ ಒಂದು ಫಲವಿದೆ ಎಂಬುದು ಅವನಿಗೆ ಬಹುಶಃ ಅಲ್ಲೇ ಮೊದಲು ತಿಳಿಯುತ್ತದೆ. ಆದರೆ 'ನಡೆ' ಎನ್ನದಿದ್ದರೆ ಅದು ನಡೆಯದು. ಈ ಎರಡನೆಯ ಮಾತೇ ಮುಖ್ಯವಾದದ್ದು. ಕುದುರೆ ಮಗುವಿಗೆ ಬರಿದೇ ಕೊಡುವುದಿಲ್ಲ. ಮಗುವಿನಿಂದ ಏನನ್ನಾದರೂ ಕೇಳುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಗುರುಗಳಾಗಿ ಮನೆಮನೆಗೆ ಭೇಟಿ ಕೊಡುವಾಗ ಅಂಗವಿಕಲ ಮಗುವಿರುವ ಕುಟುಂಬಗಳನ್ನು ನಾವು ಬಹಳವಾಗಿ ಕಂಡಿದ್ದೇವೆ. ಆ ತಂದೆತಾಯಿಗಳ ಪ್ರೀತಿ, ತ್ಯಾಗ ಮಾತಿಗೆ ಮೀರಿದ್ದು. ಆದರೆ ನಾವು ಮಗುವನ್ನು "ಹೆಸರೇನು?" ಎಂದು ಕೇಳಿದರೆ ಉತ್ತರಿಸುವವರು ಅಮ್ಮ. "ಶಾಲೆಗೆ ಹೋಗುತ್ತೀಯಾ?" ಎಂದರೆ ಉತ್ತರಿಸುವವರು ಅಜ್ಜಿ. "ಪಾಪ, ಅವಳಿಗೆ ಆಗುವುದಿಲ್ಲ ಫಾದರ್" ಎಂಬ ಮಾತು ಮಗುವಿನ ಎದುರಿನಲ್ಲೇ ಬರುತ್ತದೆ. ನೀರಿನ ಲೋಟವನ್ನು ಅವಳ ತುಟಿಗೇ ಹಿಡಿಯುತ್ತಾರೆ. ಲೋಟ ಹಿಡಿಯಲು ಅವಳ ಕೈಗೆ ಸಾಧ್ಯವೇ ಎಂದು ನೋಡಿದವರಿಲ್ಲ. ನೋಯಿಸಬಾರದೆಂಬ ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಈ ನಡತೆ ಮಗುವಿನಿಂದ ಏನನ್ನೂ ಕೇಳುವುದಿಲ್ಲ. ಏನನ್ನೂ ಕೇಳದಿದ್ದಲ್ಲಿ, ನಿನ್ನಿಂದ ಏನೂ ಆಗದೆಂದು ದಿನಕ್ಕೆ ನೂರು ಬಾರಿ ಮೌನವಾಗಿ ಹೇಳಿದಂತೆಯೇ. ಕುದುರೆ ಹಾಗೆ ಹೇಳಲಾರದು. ಅದಕ್ಕೆ ಕನಿಕರ ತಿಳಿಯದು.

ಬ್ಯೂಬರ್ ಕಂಡ ಕುದುರೆ

ಇಪ್ಪತ್ತನೆಯ ಶತಮಾನದ ದಾರ್ಶನಿಕ ಮಾರ್ಟಿನ್ ಬ್ಯೂಬರ್ ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಹನ್ನೊಂದು ವರ್ಷದ ಬಾಲಕನಾಗಿ ಅವರು ಬೇಸಿಗೆಯನ್ನು ಅಜ್ಜನ ಜಮೀನಿನಲ್ಲಿ ಕಳೆಯುತ್ತಿದ್ದರು. ಯಾರ ಕಣ್ಣಿಗೂ ಬೀಳದೆ ಲಾಯಕ್ಕೆ ಹೋಗಿ ಬೂದುಬಣ್ಣದ ಕುದುರೆಯೊಂದರ ಕತ್ತು ಸವರುವುದು ಅವರಿಗೆ ಅತಿ ಪ್ರಿಯವಾದ ಕೆಲಸ. ಕುದುರೆಯೂ ತಲೆಯೆತ್ತಿ, ಕಿವಿ ಅಲುಗಿಸಿ, ಮೆಲ್ಲನೆ ಉಸಿರುಬಿಟ್ಟು ತನ್ನ ಗುರುತನ್ನು ತಿಳಿಸುತ್ತಿತ್ತು. ಒಂದು ದಿನ ಸವರುತ್ತಿರುವಾಗಲೇ ಬಾಲಕನಿಗೆ ತನಗಾಗುತ್ತಿರುವ ಸುಖದ ಅರಿವಾಯಿತು. ಗಮನ ಕುದುರೆಯಿಂದ ತಿರುಗಿ ತನ್ನ ಕೈಯ ಮೇಲೆ ಬಂದಿತು. ಆಟ ಮುಂದುವರಿಯಿತು, ಆದರೆ ಏನೋ ಮುರಿದಿತ್ತು. ಮರುದಿನ ಅವರು ಮೇವು ಹಾಕಿ ಕತ್ತು ಸವರಿದರೆ ಕುದುರೆ ತಲೆಯೆತ್ತಲಿಲ್ಲ. ಮುಂದೆ ದೊಡ್ಡವರಾದ ಮೇಲೆ, ಕುದುರೆಗೆ ಆ ಬದಲಾವಣೆ ತಿಳಿದಿತ್ತೆಂದು ತಾವು ನಂಬುವುದಿಲ್ಲವೆಂದರು. ಆದರೆ ಅಂದು ತಾವು ತಪ್ಪಿತಸ್ಥರೆಂದು ಅವರ ಮನಸ್ಸಿಗೆ ಅನ್ನಿಸಿತ್ತು.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಓದಿದ ಪುಟಗಳಲ್ಲಿ ಇಷ್ಟು ಸರಳವೂ ಇಷ್ಟು ಆಳವೂ ಆದವು ವಿರಳ. ನೆರವು ನೀಡುವ ಕೈ ತನ್ನನ್ನು ತಾನೇ ನೋಡಿಕೊಳ್ಳತೊಡಗಿದೊಡನೆ ಎದುರಿಗಿದ್ದ ಜೀವ ಮರೆಯಾಗುತ್ತದೆ. ಅಂಗವಿಕಲರ ದಿನಾಚರಣೆಗೆ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವಾಗ, "ಎಷ್ಟು ಕಷ್ಟಪಟ್ಟು ಇವನನ್ನು ಸಾಕಿದ್ದೇವೆ" ಎಂದು ಮಗುವಿನ ಮುಂದೆ ಬಂಧುಗಳಿಗೆ ಹೇಳುವಾಗ, ನಮ್ಮ ದೃಷ್ಟಿ ನಮ್ಮ ಕೈಯ ಮೇಲಿರುತ್ತದೆ. ಸವಾರಿ ಅಂಗಳದಲ್ಲಿ ಅದಕ್ಕೆ ಅವಕಾಶ ಕಡಿಮೆ. ಅಲ್ಲಿ ನೆರವಾಗುವವರು ತಮ್ಮನ್ನು ಮರೆತು ಕುದುರೆಯ ಕಿವಿಗಳನ್ನೂ ಸವಾರನ ಬೆನ್ನನ್ನೂ ನೋಡುತ್ತಿರಲೇಬೇಕು. ಒಂದು ಕ್ಷಣ ಮೈಮರೆತರೂ ಅಪಾಯ.

ಅಂಗಳದ ಕ್ರಮ

ಆ ಅಪಾಯದ ವಿಷಯವನ್ನೂ ಹೇಳಬೇಕು. ಕುದುರೆ ಮೂಲತಃ ಬೇಟೆಗೆ ಬಲಿಯಾಗುವ ಪ್ರಾಣಿ. ಬೆದರಿದರೆ ಓಡುವುದು ಅದರ ಸ್ವಭಾವ. ಆದುದರಿಂದ ಒಳ್ಳೆಯ ಕೇಂದ್ರಗಳಲ್ಲಿ ಹೊಸ ಸವಾರನೊಬ್ಬನಿಗೆ ಸಾಮಾನ್ಯವಾಗಿ ಮೂವರು ಜೊತೆಗಿರುತ್ತಾರೆ. ಒಬ್ಬರು ಕುದುರೆಯ ಮುಂದೆ ನಿಂತು ನಡೆಸುತ್ತಾರೆ. ಇಬ್ಬರು ಎಡಬಲಗಳಲ್ಲಿ ಸವಾರನ ತೊಡೆಗೆ ಕೈಯಾಸರೆ ಕೊಟ್ಟು ನಡೆಯುತ್ತಾರೆ. ಶಿಕ್ಷಕರು ಇವರ ಹೊರತು. ಗಾಲಿಕುರ್ಚಿಯಿಂದ ನೇರವಾಗಿ ಕುದುರೆಯ ಬೆನ್ನಿಗೆ ಸರಿಯಲು ಇಳಿಜಾರಿನ ಕಟ್ಟೆಯಿರುತ್ತದೆ. ತಲೆಗೆ ಹೆಲ್ಮೆಟ್ ಕಡ್ಡಾಯ. ಬಿದ್ದರೆ ಪಾದ ಸಿಕ್ಕಿಕೊಳ್ಳದೆ ಬಿಡಿಸಿಕೊಳ್ಳುವಂಥ ವಿಶೇಷ ರಿಕಾಪುಗಳಿರುತ್ತವೆ. ಹಿಡಿತ ಕಡಿಮೆಯಿರುವ ಕೈಗಳಿಗೆಂದು ಕುಣಿಕೆಗಳುಳ್ಳ ಲಗಾಮು ಇರುತ್ತದೆ.

ಎಲ್ಲರೂ ಕುದುರೆ ಏರುವಂತಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಎರಡು ಮಣಿಗಳ ನಡುವೆ ಸಡಿಲತೆ ಇರುತ್ತದೆ. ಅಂಥವರಿಗೆ ಕುಲುಕಾಟ ಪ್ರಾಣಕ್ಕೇ ಮುಳುವಾಗಬಹುದು. ಹಿಡಿತಕ್ಕೆ ಬಾರದ ಮೂರ್ಛೆರೋಗ, ಸುಲಭವಾಗಿ ಮುರಿಯುವ ಮೂಳೆಗಳು, ಕೀಲು ತಪ್ಪಿದ ಸೊಂಟ, ಹುಣ್ಣಾದ ಚರ್ಮ ಇವೆಲ್ಲ ಎಚ್ಚರಿಕೆಯ ಸಂಗತಿಗಳು. ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮಗುವನ್ನು ಏರಿಸುವ ಕೇಂದ್ರಕ್ಕೆ ಹೋಗದಿರುವುದೇ ಲೇಸು.

ಕುದುರೆಗೂ ಪರೀಕ್ಷೆಯಿದೆ. ಅದು ವಯಸ್ಸಿಗೆ ಬಂದಿರಬೇಕು, ಶಾಂತಸ್ವಭಾವದ್ದಾಗಿರಬೇಕು, ಎರಡೂ ಬದಿಯ ಹೆಜ್ಜೆ ಸಮವಾಗಿರಬೇಕು. ಗಾಲಿಕುರ್ಚಿಯ ಸದ್ದು, ಥಟ್ಟನೆ ಬರುವ ಕೂಗು, ಬಿಗಿಯಾಗಿ ಜೂಲು ಹಿಡಿಯುವ ಕೈ ಇವುಗಳಿಗೆ ಅಂಜದಂತೆ ತಿಂಗಳುಗಟ್ಟಲೆ ಪಳಗಿಸುತ್ತಾರೆ. ಸಮತೋಲವಿಲ್ಲದ ಭಾರವನ್ನು ಹೊರುವುದು ಕುದುರೆಗೆ ದಣಿವಿನ ಕೆಲಸ. ದಿನದ ದುಡಿಮೆಗೆ ಮಿತಿಯಿಲ್ಲದ ಕಡೆ ಕುದುರೆಯೂ ಕೆಡುತ್ತದೆ, ಚಿಕಿತ್ಸೆಯೂ ಕೆಡುತ್ತದೆ.

ಫಲವೆಷ್ಟು?

ದುಃಖದಲ್ಲಿರುವ ತಂದೆತಾಯಿಗಳಿಗೆ ಪವಾಡಗಳನ್ನು ಮಾರುವವರಿಗೆ ಎಂದೂ ಬರವಿಲ್ಲ. ಆದುದರಿಂದ ಪರೀಕ್ಷೆಗಳು ಏನು ಹೇಳುತ್ತವೆ ಎಂಬುದನ್ನು ಎರಡೂ ಬದಿಯಿಂದ ತಿಳಿಸುವುದು ನಮ್ಮ ಕರ್ತವ್ಯ.

ಅಮೆರಿಕದ ಕೊಲರಾಡೊದಲ್ಲಿ ಆಟಿಸಂ ಇರುವ 6ರಿಂದ 16 ವರ್ಷದ 127 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪು ಹತ್ತು ವಾರ ಸವಾರಿ ಕಲಿಯಿತು. ಇನ್ನೊಂದು ಗುಂಪು ಅದೇ ಲಾಯದ ಆವರಣದಲ್ಲಿ ಕುದುರೆಯನ್ನು ಮುಟ್ಟದೆ ಕುದುರೆಗಳ ವಿಷಯವನ್ನೇ ಕಲಿಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸವಾರಿ ಕಲಿತ ಮಕ್ಕಳಲ್ಲಿ ಕಿರಿಕಿರಿ, ಅತಿಚಟುವಟಿಕೆ ತಗ್ಗಿದವು. ಪರರೊಡನೆ ಸಂಪರ್ಕ, ಆಡುವ ಮಾತುಗಳ ಸಂಖ್ಯೆ ಹೆಚ್ಚಿದವು.

ಆದರೆ 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯ ಮಾತು ಬೇರೆ. ಸೆರೆಬ್ರಲ್ ಪಾಲ್ಸಿ ಇರುವ 4ರಿಂದ 12 ವರ್ಷದ 99 ಮಕ್ಕಳನ್ನು ಅದರಲ್ಲಿ ಸೇರಿಸಿಕೊಳ್ಳಲಾಗಿತ್ತು. ಹತ್ತು ವಾರಗಳ ಸವಾರಿಯಿಂದ ಅವರ ಚಲನಶಕ್ತಿಯಲ್ಲಾಗಲಿ, ಆರೋಗ್ಯದಲ್ಲಾಗಲಿ, ಬದುಕಿನ ಗುಣಮಟ್ಟದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ.

ಇವೆರಡನ್ನೂ ಒಟ್ಟಿಗೆ ತೂಗಿದರೆ ಹೇಳಬಹುದಾದದ್ದು ಇಷ್ಟು. ಕುದುರೆ ರೋಗವನ್ನು ಗುಣಪಡಿಸುವುದಿಲ್ಲ. ಹಾನಿಗೊಂಡ ಮಿದುಳನ್ನು ಅದು ಮರಳಿ ಕಟ್ಟಿಕೊಡಲಾರದು. ಸಮತೋಲ, ಕೂರುವ ಭಂಗಿ, ಗಮನ, ಸಂಪರ್ಕ ಇವುಗಳಲ್ಲಿ ಕೆಲವರಿಗೆ ಕೆಲಮಟ್ಟಿಗೆ ನೆರವಾಗಬಹುದು. ನಿತ್ಯದ ಫಿಸಿಯೋಥೆರಪಿಯನ್ನು ಬಿಟ್ಟು ಕುದುರೆಯನ್ನು ನೆಚ್ಚುವುದು ಸಲ್ಲದು. ಹಾರ್ಟೆಲ್ ಅವರ ಮೊಣಕಾಲಿನ ಕೆಳಗೂ ಕೊನೆಯವರೆಗೆ ಶಕ್ತಿ ಮರಳಲಿಲ್ಲ. ಅದಿಲ್ಲದೆಯೂ ಆಕೆ ಬೆಳ್ಳಿ ಗೆದ್ದರು.

ಆಸರೆ ಎಲ್ಲರಿಗೂ ಇದೆ

1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಿಂದ ಅಂಗವಿಕಲರ ಡ್ರೆಸಾಜ್ ಒಂದು ಪೂರ್ಣ ಸ್ಪರ್ಧೆಯಾಗಿದೆ. ದೇಹದ ಊನದ ಪ್ರಮಾಣಕ್ಕೆ ತಕ್ಕಂತೆ ಸವಾರರನ್ನು ಐದು ವರ್ಗಗಳಲ್ಲಿ ಸೇರಿಸುತ್ತಾರೆ. ಅತಿ ಹೆಚ್ಚು ಊನವುಳ್ಳ ಮೊದಲ ವರ್ಗದವರು ಕುದುರೆಯನ್ನು ನಡಿಗೆಯಲ್ಲಿ ಮಾತ್ರ ನಡೆಸುತ್ತಾರೆ. ಕೈಕಾಲುಗಳ ಕೀಲುಗಳು ಹುಟ್ಟಿನಿಂದಲೇ ಬಿಗಿದಿರುವ ಬ್ರಿಟನ್ನಿನ ಲೀ ಪಿಯರ್ಸನ್ 2000ದ ಸಿಡ್ನಿಯಿಂದ 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದವರೆಗೆ 14 ಚಿನ್ನದ ಪದಕಗಳನ್ನು ಗೆದ್ದಿದ್ದಾರೆ. ಟೋಕಿಯೋದಲ್ಲಿ ಅವರು ಏರಿದ್ದು ತಾವೇ ಸಾಕಿ ಬೆಳೆಸಿದ ಕುದುರೆಯನ್ನು.

ಅವರಿಗೆ ವಿಶೇಷ ಜೀನು, ವಿಶೇಷ ಲಗಾಮು ಬೇಕಲ್ಲವೇ ಎಂದು ಕೆಲವರು ಕೇಳುವುದುಂಟು. ಬೇಕು. ಆದರೆ ಜೀನು, ರಿಕಾಪುಗಳೆಲ್ಲ ಮೊದಲು ಹುಟ್ಟಿದ್ದು ಯಾರಿಗಾಗಿ? ಗಟ್ಟಿಮುಟ್ಟಾದ ಸೈನಿಕನೂ ಅವಿಲ್ಲದೆ ಕುದುರೆಯ ಮೇಲೆ ನೆಟ್ಟಗೆ ನಿಲ್ಲಲಾರದೆ ಅವನ್ನು ಮಾಡಿಕೊಂಡನು. ಕುದುರೆ ಏರಿದ ಪ್ರತಿಯೊಬ್ಬನೂ ತನ್ನದಲ್ಲದ ನಾಲ್ಕು ಕಾಲುಗಳ ಮೇಲೆ ಓಡುತ್ತಾನೆ. ಊರುಗೋಲು ಹಿಡಿದವನು ಪರಾವಲಂಬಿ, ಕುದುರೆ ಏರಿದವನು ವೀರ ಎಂದು ವಿಂಗಡಿಸುವುದು ನಮ್ಮ ಕಣ್ಣಿನ ದೋಷ.

ನಮ್ಮ ಮನೆಗಳಿಗೆ

ನಮ್ಮ ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ಅದಕ್ಕೆ ಮುನ್ನ ಆ ಕಾಯಿಲೆಗೆ ತುತ್ತಾದ ಪೀಳಿಗೆ ನಮ್ಮ ನಡುವೆ ಈಗಲೂ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಂತೂ ಇಂದಿಗೂ ಹುಟ್ಟುತ್ತಿದ್ದಾರೆ. 1995ರ ಅಂಗವಿಕಲರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಕಾಯಿದೆ ಏಳರ ಬದಲು 21 ಬಗೆಯ ಊನಗಳನ್ನು ಗುರುತಿಸಿತು. ಶಿಕ್ಷಣ, ಉದ್ಯೋಗಗಳ ಜೊತೆಗೆ ಕ್ರೀಡೆ, ಮನರಂಜನೆಗಳಲ್ಲೂ ಅವರಿಗೆ ಸಮಾನ ಪಾಲಿರಬೇಕೆಂದು ಹೇಳಿತು. ಆಟ ಎಂಬುದು ಅಂಗವಿಕಲರಿಗೆ ದಯೆಯಿಂದ ಕೊಡುವ ಮಿಠಾಯಿಯಲ್ಲ, ಹಕ್ಕು ಎಂಬ ಮಾತು ಹೀಗೆ ಕಾನೂನಿನಲ್ಲೂ ಬಂದಿದೆ.

ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕುದುರೆ ಚಿಕಿತ್ಸೆ ಕೆಲಮಟ್ಟಿಗೆ ದೊರೆಯುತ್ತದೆ. ಕುದುರೆಯ ಮೇವು, ಲಾಳ, ಪಶುವೈದ್ಯ, ಪಳಗಿದ ಜನ ಎಲ್ಲವೂ ದುಬಾರಿಯಾದ್ದರಿಂದ ಶುಲ್ಕವೂ ಹಗುರವಲ್ಲ. ಹೋಗಬಯಸುವ ಕುಟುಂಬಗಳು ಮೊದಲು ಕೆಲವು ಪ್ರಶ್ನೆಗಳನ್ನು ಕೇಳಲಿ. ನಡೆಸುವವರ ವಿದ್ಯೆ, ತರಬೇತಿ ಏನು? ವೈದ್ಯರ ಪತ್ರ ಕೇಳುತ್ತಾರೆಯೇ? ಮಗುವಿನ ಎಡಬಲಗಳಲ್ಲಿ ಎಷ್ಟು ಜನರಿರುತ್ತಾರೆ? ಕುದುರೆಗೆ ದಿನಕ್ಕೆ ಎಷ್ಟು ಹೊತ್ತು ಕೆಲಸ, ಎಷ್ಟು ವಿಶ್ರಾಂತಿ? ಇಷ್ಟು ವಾರಗಳಲ್ಲಿ ನಡೆದೇ ತೀರುತ್ತದೆಂದು ಮಾತು ಕೊಡುತ್ತಾರೆಯೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದು ಉತ್ತಮ.

ಕುದುರೆಯ ಹತ್ತಿರಕ್ಕೆ ಹೋಗಲಾರದ ಕುಟುಂಬಗಳೇ ಹೆಚ್ಚು. ಅವರಿಗೂ ಕುದುರೆಯ ಪಾಠ ಉಚಿತವಾಗಿ ಲಭ್ಯವಿದೆ. ಮಗುವಿನಿಂದ ಏನನ್ನಾದರೂ ಕೇಳೋಣ. ಕೋಳಿಗೆ ಕಾಳು ಹಾಕುವುದು, ಕರುವಿನ ಬೆನ್ನು ತಿಕ್ಕುವುದು, ಮಲ್ಲಿಗೆ ಗಿಡಕ್ಕೆ ನೀರೆರೆಯುವುದು, ಊಟಕ್ಕೆ ತಟ್ಟೆ ಜೋಡಿಸುವುದು, ಯಾವುದು ಅದರ ಕೈಗೆ ಎಟಕುತ್ತದೆಯೋ ಅದು ಅದರದೇ ಕೆಲಸವಾಗಲಿ. ಅದು ಮಾಡದಿದ್ದರೆ ಆ ಕೆಲಸ ನಿಲ್ಲುವಂತಿರಲಿ. ಕಾಳು ಚೆಲ್ಲೀತು, ನೀರು ಅಂಗಳಕ್ಕೆ ಹರಿದೀತು, ಒಂದೆರಡು ತಟ್ಟೆಗಳು ಬಿದ್ದಾವು. ಕೇಳಿದ ಪ್ರಶ್ನೆಗೆ ಮಗುವಿನ ಉತ್ತರ ಬರುವುದು ತಡವಾದೀತು. ನಾವು ಕಾಯೋಣ. ಅತಿಥಿಗಳು ಬಂದಾಗ ಅದನ್ನು ಒಳಕೋಣೆಗೆ ಕಳುಹಿಸದೆ, ಅವರಿಗೆ ನೀರಿನ ಲೋಟ ಕೊಡುವ ಹೊಣೆಯನ್ನು ಅದಕ್ಕೇ ಒಪ್ಪಿಸೋಣ.

'ನಡೆ' ಎಂಬ ಮಾತು ಮಗುವಿನ ತುಟಿಯಿಂದ ಹೊರಡುವವರೆಗೆ ಪಳಗಿದ ಕುದುರೆ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಅವಸರಪಡಿಸುವುದಿಲ್ಲ, ಮಗುವಿನ ಬದಲಿಗೆ ತಾನೇ ಹೊರಟುಬಿಡುವುದೂ ಇಲ್ಲ. ಅಷ್ಟು ತಾಳ್ಮೆ, ಅಷ್ಟು ನಂಬಿಕೆ ನಮ್ಮ ಮನೆಗಳಲ್ಲೂ ಇದ್ದರೆ ಸಾಕು.